ಚಂದ್ರನಿಗೆ ಹಸಿವಿಲ್ಲ

ಬೀದಿಯವರೆಲ್ಲ ಅವಳನ್ನು ಬ್ಯಾನರಕ್ಕ ಎಂದು ಕರೆಯುತ್ತಿದ್ದರು. ಮೂಲೆಯ ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಂಗಡಿ ಬೋರ್ಡು, ಚುನಾವಣೆಯ ಫ್ಲೆಕ್ಸು, ಹುಟ್ಟುಹಬ್ಬದ ಬ್ಯಾನರುಗಳನ್ನು ಜೋಡಿಸುವುದು ಅವಳ ಕೆಲಸ. ಬೋಳುತಲೆಗೆ ಕೂದಲು ಬರಿಸುವುದು, ಸುಕ್ಕುಬಿದ್ದ ಕೆನ್ನೆಗೆ ಇಸ್ತ್ರಿ ಹಾಕುವುದು, ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರನ್ನು ಒಂದೇ ಚಿತ್ರದಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸುವುದು ಎಲ್ಲವೂ ಅವಳಿಗೆ ನೀರು ಕುಡಿದಷ್ಟು ಸುಲಭ. "ಹಣೆಬರಹ ಒಂದನ್ನ ಬಿಟ್ಟು ಮಿಕ್ಕಿದ್ದನ್ನೆಲ್ಲ ತಿದ್ತಾಳೆ ನಮ್ಮ ಬ್ಯಾನರಕ್ಕ" ಎಂದು ಅಂಗಡಿಯ ಯಜಮಾನ ಗಿರಾಕಿಗಳೆದುರು ಹೊಗಳುತ್ತಿದ್ದ. ಅವಳೂ ನಗುತ್ತಿದ್ದಳು. ಮನೆಗೆ ಬಂದು ಮಗಳ ಕಾಲು ನೀವುವಾಗ ಮಾತ್ರ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಮಗಳನ್ನು ಮನೆಯಲ್ಲಿ ಮಲ್ಲಿ ಎನ್ನುತ್ತಿದ್ದರು. ಅದು ಹೂವಿನ ಹೆಸರಲ್ಲ, ಮಾತಿನಮಲ್ಲಿಯ ಬಾಲ. "ಇವಳ ಬಾಯಿಗೆ ಬೀಗ ಹಾಕಿದ್ರೆ ಬೀಗದ ಜೊತೆಗೇ ಮಾತಾಡ್ತಾ ಕೂತ್ಕೋತಾಳೆ" ಎಂದು ಅಜ್ಜಿ, ಅಂದರೆ ಬ್ಯಾನರಕ್ಕನ ಅತ್ತೆ, ಗೊಣಗುತ್ತಿದ್ದಳು. ಆ ಬಾಯಿಯೊಂದನ್ನು ಬಿಟ್ಟರೆ ಅವಳ ದೇಹದಲ್ಲಿ ಉಳಿದದ್ದೆಲ್ಲ ಸೋಲುತ್ತಾ ಬಂದಿತ್ತು. ಚಿಕ್ಕವಳಿದ್ದಾಗ ಮೊಣಕಾಲಿಗೆ ಕೈಯೂರಿ ಏಳತೊಡಗಿದಳು. ಶಾಲೆಗೆ ಸೇರಿದ ಮೇಲೆ ಮೆಟ್ಟಿಲು ಬಿಟ್ಟಳು. ಆಮೇಲೆ ಗಾಲಿಕುರ್ಚಿ ಬಂತು. ಸ್ನಾಯುಗಳು ಒಂದೊಂದಾಗಿ ಕೆಲಸ ಬಿಡುವ ಕಾಯಿಲೆ. ಮದ್ದಿಲ್ಲ ಎಂದೇ ಎಲ್ಲ ಆಸ್ಪತ್ರೆಗಳೂ ಹೇಳಿದ್ದವು. ಕೊನೆಗೆ ಊರಾಚೆಯ ಸರ್ಕಾರಿ ಸಂಶೋಧನಾಲಯದಲ್ಲಿ ಒಂದು ಹೊಸ ಔಷಧಿಯ ಪ್ರಯೋಗ ನಡೆಯುತ್ತಿದೆಯೆಂದು ತಿಳಿದು ಅಲ್ಲಿಗೆ ಹೋದರು. ಮಲ್ಲಿಯನ್ನು ಸೇರಿಸಿಕೊಂಡರು. ತಿಂಗಳಿಗೊಂದು ಸೂಜಿ. ಹೋದ ಶಕ್ತಿ ಮರಳಿ ಬರಲಿಲ್ಲ, ಆದರೆ ಇದ್ದದ್ದು ಹೋಗುವುದು ನಿಂತಿತು. ಎರಡು ವರ್ಷದಿಂದ ಅವಳು ತನ್ನ ಚಮಚವನ್ನು ತಾನೇ ಹಿಡಿಯುತ್ತಿದ್ದಳು. ಬ್ಯಾನರಕ್ಕನಿಗೆ ಆ ಚಮಚಕ್ಕಿಂತ ದೊಡ್ಡ ಸಂಪತ್ತು ಲೋಕದಲ್ಲಿರಲಿಲ್ಲ.

ಒಂದು ದಿನ ಸೂಜಿ ಹಾಕಿಸಿಕೊಂಡು ಹೊರಡುವಾಗ ಡಾಕ್ಟರಮ್ಮ ಬಾಗಿಲವರೆಗೂ ಬಂದರು. ಅವರು ಹಾಗೆ ಬರುವವರಲ್ಲ.

"ಮುಂದಿನ ವರ್ಷಕ್ಕೆ ಹಣದ ಮಂಜೂರಾತಿ ಇನ್ನೂ ಬಂದಿಲ್ಲಮ್ಮ. ಬರುತ್ತೆ ಅಂದ್ಕೊಂಡಿದೀವಿ."

"ಬರದೇ ಇದ್ರೆ ಮೇಡಂ?"

"ಬರುತ್ತೆ ಅಂದ್ಕೊಳ್ಳೋಣ" ಎಂದು ಮಲ್ಲಿಯ ಕೆನ್ನೆ ತಟ್ಟಿ ಒಳಗೆ ಹೋದರು.

ಅಂದು ಸಂಜೆಯೇ ಫೋನಿನಲ್ಲಿ ಸುದ್ದಿ ಬಂತು. ಚಂದ್ರನ ಮೇಲೆ ಇಳಿಯುವ ನೌಕೆಗೆ ಸರ್ಕಾರ ಮತ್ತೊಂದು ದೊಡ್ಡ ಕಂತು ಬಿಡುಗಡೆ ಮಾಡಿತ್ತು. ಮಲ್ಲಿ ಕುಣಿಯಲಾರಳು, ಅದಕ್ಕೇ ಕೂಗಿದಳು: "ಅಮ್ಮಾ, ಕಾಲು ಜೋಡಿಸ್ತಾರಂತೆ! ನೌಕೆಗೆ ಕಾಲು! ಇನ್ನೇನು ಹೊರಡುತ್ತೆ!" ಬ್ಯಾನರಕ್ಕ ಪಾತ್ರೆ ತೊಳೆಯುತ್ತಿದ್ದವಳು ಹಾಗೇ ನಿಂತಳು. ಕಬ್ಬಿಣಕ್ಕೆ ಕಾಲು ಕೊಡುತ್ತಾರೆ, ನನ್ನ ಮಗಳಿಗೆ ಕೊಡುವುದಿಲ್ಲ. ಈ ಒಂದು ಯೋಚನೆ ಅವಳ ಎದೆಯಲ್ಲಿ ಕೂತದ್ದು ಮತ್ತೆ ಏಳಲಿಲ್ಲ.

'ಜನರ ಹಣ, ಜನರ ಮಾತು' ಎಂಬ ಗುಂಪೊಂದು ಇಂಟರ್ನೆಟ್ಟಿನಲ್ಲಿತ್ತು. ಸರ್ಕಾರ ಯಾವುದಕ್ಕೆ ಎಷ್ಟು ಸುರಿಯುತ್ತದೆ, ಸುರಿಯಬೇಕೇ ಬೇಡವೇ ಎಂದು ಅಲ್ಲಿ ಜನ ಮೂರು ಹೊತ್ತೂ ಕಚ್ಚಾಡುತ್ತಿದ್ದರು. ಬ್ಯಾನರಕ್ಕ 'ಒಬ್ಬ ತಾಯಿ' ಎಂಬ ಹೆಸರಿನಲ್ಲಿ ಅಲ್ಲಿಗೆ ಸೇರಿದಳು. ಮಗಳ ಕಾಯಿಲೆಯ ಮಾತೆತ್ತಲಿಲ್ಲ. ಮಗಳನ್ನು ಸಂತೆಯಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ. ಚಂದ್ರನಿಗೆ ಕೊಡುವುದನ್ನು ಔಷಧಿ ಸಂಶೋಧನೆಗೆ ಕೊಡಿ ಎಂದಷ್ಟೇ ಬರೆದಳು. ಬರೆದದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಉಪಗ್ರಹ ಇಲ್ಲದಿದ್ದರೆ ನಿನ್ನ ಫೋನು ಕಲ್ಲಿಗೆ ಸಮ ಎಂದು ಒಬ್ಬ. ನೆರೆ ಬರುವುದನ್ನು ಮೊದಲೇ ಹೇಳುವುದು ಯಾರಮ್ಮ, ನಿಮ್ಮ ಮಾವನೇ ಎಂದು ಇನ್ನೊಬ್ಬ. ಒಂದು ಸೇತುವೆಯಲ್ಲಿ ನುಂಗಿದ್ದು ಇದರ ಹತ್ತರಷ್ಟು, ಅದನ್ನು ಕೇಳು ಎಂದು ಮತ್ತೊಬ್ಬ.

ಇವರ ನಡುವೆ 'ದುರ್ಬೀನು' ಎಂಬ ಹೆಸರಿನವರೊಬ್ಬರು ಇದ್ದರು. ಅವರು ಬೈಯುತ್ತಿರಲಿಲ್ಲ. ಬೈಯದೇ ಇರುವುದೇ ಬ್ಯಾನರಕ್ಕನಿಗೆ ಹೆಚ್ಚು ಉರಿ ತರಿಸುತ್ತಿತ್ತು. "ತಾಯಿ, ಸರ್ಕಾರದ ಖರ್ಚಿನ ನೂರು ಪಾಲಿನಲ್ಲಿ ವಿಜ್ಞಾನಕ್ಕೆ ಒಂದು ಪಾಲೂ ಬರುವುದಿಲ್ಲ" ಎಂದು ಅವರು ಬರೆದರು. "ಆ ಪಾಲಿನೊಳಗೇ ನೌಕೆಯೂ ಇದೆ, ನೀವು ಕೇಳುವ ಔಷಧಿಯೂ ಇದೆ. ಎರಡೂ ಒಂದೇ ಮಡಕೆಯ ನೀರು. ನೌಕೆಯ ಮೇಲಿನ ಸಿಟ್ಟಿಗೆ ಮಡಕೆಗೆ ಕಲ್ಲು ಹೊಡೆಯಬೇಡಿ. ಮಡಕೆ ದೊಡ್ಡದಾಗಲಿ ಎಂದು ಕೇಳಿ, ನಾನೂ ನಿಮ್ಮ ಜೊತೆ ಕೇಳುತ್ತೇನೆ."

ಹೊಟ್ಟೆ ತುಂಬಿದವರ ತಾಳ್ಮೆ ಇದು ಎಂದುಕೊಂಡಳು ಬ್ಯಾನರಕ್ಕ. ಏನು ಉತ್ತರ ಕೊಡುವುದೆಂದು ಹುಡುಕುವಾಗ ಹಳೆಯ ಮಾತೊಂದು ನಾಲಗೆಗೆ ಬಂತು. ಮಲ್ಲಿ ನಾಲ್ಕು ವರ್ಷದವಳಿದ್ದಾಗ ತಟ್ಟೆಯ ತುತ್ತನ್ನೆಲ್ಲ ಕಿಟಕಿಯಾಚೆಯ ಚಂದ್ರನಿಗೆ ಚಾಚುತ್ತಿದ್ದಳು. ಆಗ ಇವಳು ಆ ಪುಟ್ಟ ಕೈಯನ್ನು ತಿರುಗಿಸಿ ಅವಳ ಬಾಯಿಗೇ ಇಡುತ್ತಾ "ಚಂದ್ರನಿಗೆ ಹಸಿವಿಲ್ಲ ಕಂದ, ನಿಂಗಿದೆ" ಎನ್ನುತ್ತಿದ್ದಳು. ಅದನ್ನೇ ಒಂದಿಷ್ಟು ತಿದ್ದಿ, ಕಪ್ಪು ಹಿನ್ನೆಲೆಯಲ್ಲಿ ದಪ್ಪ ಬಿಳಿ ಅಕ್ಷರದಲ್ಲಿ ಕೂರಿಸಿ, ಗುಂಪಿಗೆ ಹಾಕಿದಳು: 'ಚಂದ್ರನಿಗೆ ಹಸಿವಿಲ್ಲ. ನಮ್ಮ ಮಕ್ಕಳಿಗಿದೆ.'

ಅದಕ್ಕೆ ರೆಕ್ಕೆ ಬಂತು. ಊಟದ ಹೊತ್ತಿಗೆ ಸಾವಿರಾರು ಜನ ಅದನ್ನು ಹಂಚಿದ್ದರು. ತನ್ನ ಮಾತಿಗೆ ಇಷ್ಟು ಜನ ಹೌದೆಂದದ್ದು ಬ್ಯಾನರಕ್ಕನ ಜೀವನದಲ್ಲೇ ಮೊದಲು. ಎಷ್ಟು ಆಸ್ಪತ್ರೆಗಳ ಮುಂದೆ ಕೈಕಟ್ಟಿ ನಿಂತಿದ್ದಳು, ಎಷ್ಟು ಕಿಟಕಿಗಳು ಮುಖಕ್ಕೆ ಮುಚ್ಚಿದ್ದವು! ಈಗ ಕಿಟಕಿಯ ಆಚೆಗೆ ಕೂತವರು ಬೆವರುತ್ತಾರೆ ಎಂದು ಅವಳಿಗೆ ಅನಿಸಿತು.

ಆದರೆ ದುರ್ಬೀನು ಬಿಡಲಿಲ್ಲ. ಎಲ್ಲಿ ಈ ಚಿತ್ರ ಕಂಡರೂ ಅದರ ಕೆಳಗೆ ಮಡಕೆಯ ಮಾತನ್ನು ಬರೆಯುತ್ತಿದ್ದರು. ಕೆಲವರು ತಲೆದೂಗಲೂ ತೊಡಗಿದರು. ಮಂಜೂರಾತಿ ಇನ್ನೂ ಬಂದಿರಲಿಲ್ಲ. ಬ್ಯಾನರಕ್ಕನಿಗೆ ಕೈಜಾರುತ್ತಿದೆ ಅನಿಸಿತು. ಒಂದು ಮಧ್ಯಾಹ್ನ ಯಜಮಾನ ಊಟಕ್ಕೆ ಹೋದಾಗ ಅವಳು ಡಬ್ಬಿ ತೆರೆಯದೆ ಕಂಪ್ಯೂಟರಿನ ಮುಂದೆ ಕೂತಳು. ಬಾಹ್ಯಾಕಾಶ ಕೇಂದ್ರದ ಗೇಟಿನ ಚಿತ್ರವೊಂದನ್ನು ತೆಗೆದುಕೊಂಡಳು. ಯಾವುದೋ ಐಷಾರಾಮಿ ಹೋಟೆಲಿನ ಈಜುಕೊಳವನ್ನು ಅದರ ಹಿಂದೆ ಕೂರಿಸಿದಳು. ಬಿಸಿಲು ಒಂದೇ ಕಡೆಯಿಂದ ಬೀಳುವ ಹಾಗೆ ನೆರಳು ಸರಿಪಡಿಸಿದಳು. ಕೆಲಸ ಅಚ್ಚುಕಟ್ಟಾಗಿ ಬಂತು. 'ನಿಮ್ಮ ತೆರಿಗೆಯಲ್ಲಿ ವಿಜ್ಞಾನಿಗಳ ಜಲಕ್ರೀಡೆ' ಎಂದು ಮೇಲೆ ಬರೆದಳು. ಗುಂಪಿಗೆ ಹಾಕಲು ಒತ್ತುವ ಮುಂಚೆ ಬೆರಳು ಒಮ್ಮೆ ತಡೆಯಿತು. ಬೋಳುತಲೆಗೆ ಕೂದಲು ಬರಿಸಿದಾಗ ಯಾರಾದರೂ ಸುಳ್ಳು ಎಂದಿದ್ದಾರೆಯೇ? ಒತ್ತಿಬಿಟ್ಟಳು.

"ಅಲ್ಲಿ ಈಜುಕೊಳ ಇಲ್ಲ" ಎಂದು ದುರ್ಬೀನು ಬರೆದರು. "ನಾನು ಅಲ್ಲೇ ಕೆಲಸ ಮಾಡುವುದು. ದಿನಾ ಆ ಗೇಟಿನಲ್ಲೇ ಹೋಗಿಬರುತ್ತೇನೆ."

ಅಷ್ಟು ಸಾಕಾಯಿತು. ಅಲ್ಲೇ ಕೆಲಸ ಮಾಡುವವರಂತೆ, ಕೊಳದಲ್ಲಿ ಮುಳುಗೇಳುವವರಂತೆ ಎಂದು ಜನ ಮುಗಿಬಿದ್ದರು. ಎರಡು ದಿನದಲ್ಲಿ ಯಾರೋ ಅವರ ಮನೆ ಇರುವ ಬೀದಿಯನ್ನೂ, ಮನೆಯ ಗೇಟಿನ ಚಿತ್ರವನ್ನೂ ಹುಡುಕಿ ಗುಂಪಿಗೆ ಹಾಕಿದರು. ಆಮೇಲೆ ದುರ್ಬೀನು ಬರೆಯಲಿಲ್ಲ. ಬ್ಯಾನರಕ್ಕನ ಸಿಟ್ಟು ಸ್ವಲ್ಪ ತಣ್ಣಗಾಯಿತು. ಆದರೂ ಗುಂಪು ತೆರೆದಾಗಲೆಲ್ಲ ಮೊದಲು ಹುಡುಕುತ್ತಿದ್ದದ್ದು ಆ ಹೆಸರನ್ನೇ.

ಮೆರವಣಿಗೆಗಳು ಶುರುವಾದವು. ಅಂಗಡಿಗೆ ಆರ್ಡರು ಬಂತು, ಇನ್ನೂರು ಬ್ಯಾನರು, ಎಲ್ಲದರಲ್ಲೂ ಅದೇ ಸಾಲು. "ಯಾರೋ ಪುಣ್ಯಾತ್ಮ ಬರ್ದಿದಾನೆ ನೋಡಕ್ಕ, ಅವನ ಬಾಯಿಗೆ ಸಕ್ಕರೆ ಹಾಕ್ಬೇಕು" ಎಂದ ಯಜಮಾನ. ತನ್ನ ಮಾತನ್ನು ತಾನೇ ಮುದ್ರಿಸಿ, ಮಡಚಿ, ಕಟ್ಟು ಕಟ್ಟಿದಳು ಅವಳು. ಆ ಶನಿವಾರ ಮಲ್ಲಿಯ ಕುರ್ಚಿ ತಳ್ಳಿಕೊಂಡು ಹೋಗುವಾಗ ದೀಪದ ಕಂಬಕ್ಕೆ ಕಟ್ಟಿದ್ದ ಬ್ಯಾನರನ್ನು ಹುಡುಗಿ ಓದಿದಳು.

"ಅಮ್ಮಾ! ಅದು ನಮ್ಮ ಮಾತು! ನೀನು ನಂಗೆ ಊಟ ಮಾಡಿಸ್ವಾಗ ಹೇಳ್ತಿದ್ದದ್ದು. ಯಾರೋ ಕದ್ದಿದಾರೆ!"

"ಹೋಗ್ಲಿ ಬಿಡು. ಎಲ್ಲ ತಾಯಂದ್ರೂ ಹೇಳೋದೇ ಅದು."

"ಆದ್ರೆ ಇವ್ರು ಬೈಯೋ ಹಾಗೆ ಹೇಳಿದಾರೆ. ನೀನು ಹಾಗೆ ಹೇಳ್ತಿರ್ಲಿಲ್ಲ."

ಬ್ಯಾನರಕ್ಕ ಕುರ್ಚಿಯನ್ನು ಸ್ವಲ್ಪ ಜೋರಾಗಿ ತಳ್ಳಿದಳು.

ಕೊನೆಗೆ ಸರ್ಕಾರ ಮಣಿಯಿತು. ಜನರ ಭಾವನೆಗೆ ತಲೆಬಾಗಿ ವಿಜ್ಞಾನ ಇಲಾಖೆಯ ಹಣದಲ್ಲಿ ಮೂರನೇ ಒಂದು ಭಾಗ ಕಡಿತ ಮಾಡಿದ್ದೇವೆ ಎಂದು ಮಂತ್ರಿ ಟೀವಿಯಲ್ಲಿ ಹೇಳಿದ. ಬೀದಿಯಲ್ಲಿ ಪಟಾಕಿ ಹೊಡೆದರು. ಚಂದ್ರನ ಹಣವೇ ನಿಂತಿತು ಎಂದುಕೊಂಡು ಬ್ಯಾನರಕ್ಕ ಅತ್ತೆಯನ್ನು ತಬ್ಬಿಕೊಂಡಳು. ಅತ್ತೆಗೆ ಏನೆಂದೇ ಗೊತ್ತಿರಲಿಲ್ಲ, ಆದರೂ ತಬ್ಬಿಸಿಕೊಂಡಳು.

ಮುಂದಿನ ಸೂಜಿಗೆ ಹೋದಾಗ ಸಂಶೋಧನಾಲಯದ ಕಾರಿಡಾರಿನಲ್ಲಿ ಅರ್ಧ ದೀಪಗಳು ಆರಿದ್ದವು. ಬೀರುಗಳನ್ನು ಹೊರಗೆ ಸಾಲಾಗಿ ಇಟ್ಟಿದ್ದರು. ಡಾಕ್ಟರಮ್ಮ ಮಲ್ಲಿಗೆ ಸೂಜಿ ಹಾಕಿ, ಅವಳನ್ನು ಆಯಾಳ ಜೊತೆ ಹೊರಗೆ ಕಳಿಸಿ, ಬಾಗಿಲು ಮುಚ್ಚಿದರು.

"ಪ್ರಯೋಗ ನಿಲ್ಲಿಸೋಕೆ ಆರ್ಡರ್ ಬಂದಿದೆಯಮ್ಮ. ಇಲಾಖೆ ಹಣ ಕಡಿತ ಆಯ್ತಲ್ಲ, ಅದ್ರಲ್ಲಿ ನಾವೂ ಇದೀವಿ. ಉಳಿದಿರೋ ಔಷಧಿ ಇನ್ನೊಂದು ಸಲಕ್ಕೆ ಆಗುತ್ತೆ."

"ಆದ್ರೆ ಕಡಿತ ಮಾಡಿದ್ದು ಚಂದ್ರನದ್ದಲ್ವಾ ಮೇಡಂ?" ಎಂದಳು ಬ್ಯಾನರಕ್ಕ. "ನೌಕೇದು?"

"ನೌಕೆ ಕಟ್ಟಿ ಮುಗಿದಿದೆ. ಹೊರದೇಶದವ್ರ ಜೊತೆ ಒಪ್ಪಂದ ಆಗಿದೆ. ಅದನ್ನ ಯಾರು ಮುಟ್ತಾರೆ? ಮುಟ್ಟೋಕಾಗೋದು ನಮ್ಮಂಥೋರ್ನ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಆ ಸಾಲು ಬರ್ದೋರು ಯಾರೋ, ಒಂದ್ಸಲ ಇಲ್ಲಿ ಬಂದು ಈ ಮಕ್ಕಳನ್ನ ನೋಡ್ಬೇಕಿತ್ತು" ಎಂದರು.

ಬ್ಯಾನರಕ್ಕನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನಿಸಿತು. ಎದ್ದು ಹೊರಗೆ ಹೋಗಿ ಮಲ್ಲಿಯ ಕುರ್ಚಿ ತಳ್ಳಿಕೊಂಡು ಹೊರಟಳು.

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಬಸ್ ಡ್ರೈವರು, ಮಾತು ಕಡಿಮೆ. ಕೇಳುತ್ತಾ ಕೇಳುತ್ತಾ ಕಾಲುಚೀಲ ಕಳಚುವುದನ್ನು ಅರ್ಧಕ್ಕೇ ನಿಲ್ಲಿಸಿದ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ಅವಳು ಕಾದಳು.

"ಆ ಈಜುಕೊಳದ ಚಿತ್ರ ನೀನು ಮಾಡಿದ್ದಾ?" ಎಂದ ಅವನು. "ಡ್ರೈವರ್‌ಗಳ ಗ್ರೂಪಿಗೆಲ್ಲ ನಾನೇ ಕಳಿಸಿದ್ದು ಕಣೆ. ನಮ್ಮ ಡಿಪೋದಿಂದ ಮೆರವಣಿಗೆಗೆ ಆರು ಬಸ್ ಹೋಯ್ತು."

ಮೂಲೆಯಲ್ಲಿ ಕೂತಿದ್ದ ಅತ್ತೆ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದು ತನಗೆ ತಾನೇ ಹೇಳಿಕೊಂಡಳು. "ಈ ಎಮ್ಮೆ ನಮ್ಮನೇದೇ ಆಗೋಯ್ತಲ್ಲಪ್ಪ."

ಬ್ಯಾನರಕ್ಕ ಗುಂಪಿಗೆ ಮರಳಿದಳು. ಈ ಸಲ ಮಗಳ ವಿಷಯವನ್ನೂ ಬರೆದಳು, ಪ್ರಯೋಗ ನಿಂತದ್ದನ್ನೂ ಬರೆದಳು. 'ಆ ಸಾಲು ನನ್ನದು. ಆ ಚಿತ್ರ ನಾನೇ ಜೋಡಿಸಿದ್ದು, ಅಲ್ಲಿ ಕೊಳವಿಲ್ಲ. ದಯವಿಟ್ಟು ಕಡಿತ ಹಿಂದೆ ತೆಗೆದುಕೊಳ್ಳಲು ಎಲ್ಲರೂ ಕೇಳಿ' ಎಂದು ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ಸಿಕ್ಕಿದ್ದು ನಗು. ವಿಜ್ಞಾನಿಗಳು ಎಷ್ಟು ಕೊಟ್ಟರಮ್ಮ ಎಂದು ಕೇಳಿದರು. ಕಾಯಿಲೆಯ ಮಗುವಿನ ಕಥೆ ಕಟ್ಟುವುದು ಹಳೆಯ ಆಟ ಎಂದರು. ಕೊಳ ಇರುವುದು ನಿಜ, ನನ್ನ ಭಾವಮೈದ ಅದರಲ್ಲಿ ಕಾಲು ಇಳಿಬಿಟ್ಟಿದ್ದಾನೆ ಎಂದು ಒಬ್ಬ ಆಣೆ ಹಾಕಿದ. ಅವಳ ಸುಳ್ಳು ಈಗ ಅವಳಿಗಿಂತ ಗಟ್ಟಿಯಾಗಿ ನಿಂತಿತ್ತು. ಕೊನೆಯಲ್ಲಿ ಯಾರೋ ಕಪ್ಪು ಹಿನ್ನೆಲೆಯ ಆ ಬಿಳಿ ಅಕ್ಷರಗಳನ್ನೇ ಅವಳ ಮುಖಕ್ಕೆ ಎಸೆದರು. ಅದರ ಕೆಳಗೆ ನೂರಾರು ಜನ ಅದನ್ನೇ ಎಸೆದರು.

ಅವಳಿಗೆ ಉಳಿದದ್ದು ಒಂದೇ ಹೆಸರು. ದುರ್ಬೀನಿಗೆ ಗುಟ್ಟಾಗಿ ಬರೆದಳು. ಮೂರು ದಿನ ಉತ್ತರವಿಲ್ಲ. ನಾಲ್ಕನೆಯ ದಿನ ಒಂದು ಪಾರ್ಕಿನ ಹೆಸರು, ಬೆಳಗಿನ ಹೊತ್ತು, ಅಷ್ಟೇ ಬಂತು.

ದುರ್ಬೀನು ಗಂಡಸೆಂದೇ ಅವಳು ತಿಳಿದಿದ್ದಳು. ಬೆಂಚಿನ ಮೇಲೆ ಕೂತಿದ್ದದ್ದು ನಿವೃತ್ತಿಗೆ ಹತ್ತಿರವಾದ ಒಬ್ಬ ಹೆಂಗಸು. ನೌಕೆಯ ಬಿಡಿಭಾಗಗಳನ್ನು ಪರೀಕ್ಷಿಸುವ ಎಂಜಿನಿಯರು. ಮಡಿಲಲ್ಲಿ ತರಕಾರಿ ಚೀಲವಿತ್ತು.

"ಕೂತ್ಕೊಳ್ಳಿ" ಎಂದರು ಅವರು. "ನೀವು ಇಷ್ಟು ಚಿಕ್ಕೋರು ಅಂದ್ಕೊಂಡಿರ್ಲಿಲ್ಲ."

ಬ್ಯಾನರಕ್ಕ ಕೂರಲಿಲ್ಲ. "ಅಕ್ಕಾ, ತಪ್ಪಾಯ್ತು" ಎಂದಳು. ಮುಂದಿನದನ್ನು ಹೇಳಲು ಹೋಗಿ ಅತ್ತುಬಿಟ್ಟಳು. ಆ ಹೆಂಗಸು ಅಳು ಮುಗಿಯುವವರೆಗೂ ಕಾದರು. ಸಮಾಧಾನ ಮಾಡಲಿಲ್ಲ.

"ನಮ್ಮಮ್ಮಂಗೆ ಎಂಬತ್ತು ದಾಟಿದೆ. ನಮ್ಮನೆ ಗೇಟಿನ ಚಿತ್ರ ಹಾಕಿದ್ಮೇಲೆ ಕಿಟಕಿಗೆ ಕಲ್ಲು ಬಿದ್ದಾಗ ಮಂಚದ ಕೆಳಗೆ ಹೋಗೋಕೆ ನೋಡಿ ಸೊಂಟ ಮುರ್ಕೊಂಡ್ರು. ಈಗ ಎದ್ದು ಓಡಾಡಲ್ಲ. ನಿಮ್ಮನ್ನ ಕ್ಷಮಿಸ್ಬೇಕು ಅಂತ ಮನಸ್ಸಿದೆ, ಆದ್ರೆ ಆಗ್ತಿಲ್ಲ. ಸುಳ್ಳು ಹೇಳಲ್ಲ."

"ನಿಮ್ಮಲ್ಲಿ ದೊಡ್ಡೋರು ಯಾರಿಗಾದ್ರೂ ಹೇಳಿ... ನನ್ನ ಮಗು..."

"ನಮ್ಮ ಮಾತು ಈಗ ಯಾರು ಕೇಳ್ತಾರೆ? ಕೊಳದಲ್ಲಿ ಈಜೋರಲ್ವಾ ನಾವು!" ಮೊದಲ ಸಲ ಅವರ ದನಿ ಗಡುಸಾಯಿತು. ಆಮೇಲೆ ತಗ್ಗಿತು. "ನೀವೇ ಹೇಳ್ಬೇಕು. ಅಡ್ಡಹೆಸರಲ್ಲಿ ಅಲ್ಲ. ಪತ್ರಿಕೆಗೆ ಹೋಗಿ, ನಿಮ್ಮ ಮುಖ ಇಟ್ಟು ಹೇಳಿ. ಉಪಯೋಗ ಆಗುತ್ತೆ ಅಂತ ನಾನು ಹೇಳಲ್ಲ."

ಅವರು ಎದ್ದು ಚೀಲ ಹಿಡಿದು ಹೊರಟರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿ, "ಮಗೂಗೆ ಎಷ್ಟು ವರ್ಷ?" ಎಂದು ಕೇಳಿದರು. ಹನ್ನೊಂದು ಎಂದಾಗ ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ನಡೆದರು.

ಬ್ಯಾನರಕ್ಕ ಪತ್ರಿಕೆಯವರ ಬಳಿ ಹೋದಳು. ಒಳಪುಟದ ಮೂಲೆಯಲ್ಲಿ ಅವಳ ಚಿಕ್ಕ ಚಿತ್ರದೊಂದಿಗೆ ಸುದ್ದಿ ಬಂತು. ಯಜಮಾನ ಅದನ್ನು ಓದಿ ಸಂಬಳ ಕೈಗಿಟ್ಟು, "ನಾಳೆಯಿಂದ ಬರ್ಬೇಡಕ್ಕ. ಆ ಬ್ಯಾನರ್ ಮಾಡಿಸಿದೋರು ಬಂದು ಗಾಜು ಒಡೆದ್ರೆ ನಾನೇನು ಮಾಡ್ಲಿ" ಎಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಹೆದರಿಕೆ. ಪ್ರಯೋಗದಲ್ಲಿದ್ದ ಮಕ್ಕಳ ಹತ್ತಾರು ತಾಯ್ತಂದೆಯರು ಸೇರಿ ಮಂತ್ರಿಯ ಕಚೇರಿಗೆ ಅಲೆದರು. ಪರಿಶೀಲಿಸುತ್ತೇವೆ ಎಂಬ ಉತ್ತರ ಸಿಕ್ಕಿತು. ಪರಿಶೀಲನೆಗೆ ಕಾಲವಿತ್ತು, ಮಕ್ಕಳ ಸ್ನಾಯುಗಳಿಗಿರಲಿಲ್ಲ. ಕೊನೆಯ ಸೂಜಿ ಆದ ಮೇಲಿನ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಮಲ್ಲಿಯ ಕೈಯಿಂದ ಚಮಚ ಜಾರಿ ನೆಲಕ್ಕೆ ಬಿತ್ತು. "ಜಿಡ್ಡಿತ್ತು" ಎಂದಳು ಹುಡುಗಿ. ಮತ್ತೆ ಕೊಟ್ಟರೆ ಮತ್ತೆ ಬಿತ್ತು. ಆಮೇಲೆ ಬ್ಯಾನರಕ್ಕನೇ ತಿನ್ನಿಸತೊಡಗಿದಳು. ತಿನ್ನಿಸುವಾಗ ಮಾತ್ರ ಇಬ್ಬರೂ ಮಾತಾಡುತ್ತಿರಲಿಲ್ಲ.

ಮಗಳಿಗೆ ಹೇಳಲೇಬೇಕಿತ್ತು. ಹೇಳಿದಳು. ಮಲ್ಲಿ ಬಹಳ ಹೊತ್ತು ಸುಮ್ಮನಿದ್ದಳು. ಆ ಮನೆಯಲ್ಲಿ ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ. ಅಜ್ಜಿ ಹೆದರಿ ಅಡುಗೆಮನೆಯಿಂದ ಇಣುಕಿದಳು.

"ನಂಗೆ ಕಂಬದ ಹತ್ರಾನೇ ಗೊತ್ತಾಯ್ತು" ಎಂದಳು ಮಲ್ಲಿ ಕೊನೆಗೆ. "ನೀನು ಕುರ್ಚೀನ ಹಾಗೆ ಯಾವತ್ತೂ ತಳ್ಳಿರ್ಲಿಲ್ಲ."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ ಕಂದ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಎರಡು ದಿನ ಅವಳು ತಾಯಿಯ ಜೊತೆ ಮಾತಾಡಲಿಲ್ಲ. ನೀರು ಬೇಕಾದರೆ ಅಪ್ಪನನ್ನು ಕರೆದಳು, ಹೊದಿಕೆ ಬೇಕಾದರೆ ಅಜ್ಜಿಯನ್ನು. ಬ್ಯಾನರಕ್ಕ ಬಾಗಿಲ ಬಳಿ ನಿಂತು ಆ ಕರೆಗಳನ್ನು ಕೇಳಿಸಿಕೊಳ್ಳುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಒಳಗಿನಿಂದ "ಅಮ್ಮಾ" ಎಂದು ಕೇಳಿದಾಗ ಕೈಯಲ್ಲಿದ್ದ ಪಾತ್ರೆಯನ್ನು ಎಲ್ಲಿಟ್ಟಳೋ ಅವಳಿಗೇ ತಿಳಿಯಲಿಲ್ಲ.

"ಆ ಗುಂಪಲ್ಲಿ ನಂಗೆ ಏನೋ ಬರೀಬೇಕು" ಎಂದಳು ಮಲ್ಲಿ. "ಬೆರಳು ಆಗ್ತಿಲ್ಲ. ನಾನು ಹೇಳ್ತೀನಿ, ನೀನು ಟೈಪ್ ಮಾಡು. ನಿನ್ನ ಮಾತು ಸೇರಿಸ್ಬೇಡ."

ಬ್ಯಾನರಕ್ಕ ಮಂಚದ ಅಂಚಿನಲ್ಲಿ ಕೂತಳು. ಮಗಳು ಹೇಳಿದ್ದನ್ನು ಹೇಳಿದಂತೆಯೇ ಬರೆದಳು: 'ನಂಗೆ ನೌಕೆ ಇಷ್ಟ. ನಂಗೆ ಔಷಧಿನೂ ಬೇಕು. ಎರಡರಲ್ಲಿ ಒಂದು ಆರಿಸ್ಕೋ ಅಂತ ನಂಗೆ ಹೇಳಿದ್ದು ಯಾರು? ಅವರಿಗೆ ಯಾರು ಹೇಳಿದ್ರು?'

ಒತ್ತಿದಳು. ಇಬ್ಬರೂ ಕಾದರು. ಫೋನು ಸದ್ದು ಮಾಡಿತು. ಬ್ಯಾನರಕ್ಕ ಓದಿದಳು; ಮುಖ ಬಿಳಿಚಿತು.

"ಏನ್ ಬರ್ದಿದಾರೆ?"

"ಒಳ್ಳೆ ಪ್ರಶ್ನೆ ಪುಟ್ಟಿ ಅಂತ ಬರ್ದಿದಾರೆ."

"ಅಮ್ಮಾ." ಮಲ್ಲಿಯ ದನಿ ಈಚೆಗೆ ತೆಳುವಾಗಿತ್ತು, ಆದರೂ ಗಟ್ಟಿಯಾಗಿಯೇ ಬಂತು. "ಇದ್ದದ್ದನ್ನ ಇದ್ದ ಹಾಗೆ ಓದು."

ಬ್ಯಾನರಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಕ್ಷರಗಳು ಕಲಸಿಹೋಗುತ್ತಿದ್ದವು. ಸೆರಗಿನಿಂದ ಕಣ್ಣೊರೆಸಿಕೊಂಡು, ಅಲ್ಲಿದ್ದ ಬೈಗುಳವನ್ನು ಮೊದಲ ಪದದಿಂದ ಕೊನೆಯ ಪದದವರೆಗೂ ಮಗಳಿಗೆ ಓದಿ ಹೇಳಿದಳು.